ಅಪ್ಪನ ಉಯಿಲು, ಮಗಳ ಪಾಲು



ಕಳೆದ ಮಳೆಗಾಲದಲ್ಲಿ ತಾಳ್ಯ ಹೋಬಳಿಯ ಹಳ್ಳಿಯೊಂದಕ್ಕೆ ಮನೆಭೇಟಿಗೆ ಹೋಗಿದ್ದೆ. ಜಪಸರ ಮುಗಿಯಿತು, ಮನೆಯನ್ನು ಆಶೀರ್ವದಿಸಿದ್ದಾಯಿತು, ಕಾಫಿಯೂ ಬಂತು. ಆಗ ಮನೆಯ ಹಿರಿಯರು ಎದ್ದು ಒಳಗೆ ಹೋಗಿ, ಟ್ರಂಕಿನ ತಳದಿಂದ ಮಡಿಚಿದ ಕಾಗದವೊಂದನ್ನು ತಂದು ನನ್ನ ಕೈಗಿಟ್ಟರು.

"ಉಯಿಲು ಬರೆಸೀನಿ ಸ್ವಾಮಿ. ತಾವೊಂದು ಸಾಕ್ಷಿ ರುಜು ಹಾಕಿಬಿಟ್ರೆ ನನ್ನ ಮನಸ್ಸಿಗೆ ನೆಮ್ಮದಿ."

ಓದಿದೆ. ನಾಲ್ಕೂವರೆ ಎಕರೆ ಜಮೀನು, ಅದರಲ್ಲಿರುವ ಅಡಿಕೆ ತೋಟ, ಕೊಳವೆಬಾವಿ, ವಾಸದ ಮನೆ, ಎಲ್ಲವೂ ಮಗನಿಗೆ. ದೇವಾಲಯಕ್ಕೆ ಐವತ್ತು ಸಾವಿರ ರೂಪಾಯಿ. ಹೆಂಡತಿಯ ಹೆಸರು ಒಂದು ಕಡೆ ಮಾತ್ರ ಬಂದಿತ್ತು: ಆಕೆಯನ್ನು ಮಗನು ಕೊನೆಯತನಕ ನೋಡಿಕೊಳ್ಳತಕ್ಕದ್ದು. ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳ ಹೆಸರು ಎಲ್ಲಿಯೂ ಇರಲಿಲ್ಲ.

"ಹೆಣ್ಣುಮಕ್ಕಳು?" ಎಂದು ಕೇಳಿದೆ.

"ಅವುಕ್ಕೆ ಮದುವೆ ಮಾಡಿ ಕೊಟ್ಟಾಯ್ತಲ್ಲ ಸ್ವಾಮಿ. ಆ ಸಾಲ ತೀರಿಸೋಕೆ ಎಂಟು ವರ್ಷ ಬೇಕಾಯ್ತು."

ಬಾಗಿಲ ಮರೆಯಲ್ಲಿ ನಿಂತಿದ್ದ ಅವರ ಹೆಂಡತಿ ಏನೂ ಹೇಳಲಿಲ್ಲ. ನಾನು ಪೆನ್ನನ್ನು ಜೇಬಿಗೆ ಸೇರಿಸಿ, ಇನ್ನೊಂದು ಸಲ ಬಂದಾಗ ಮಾತಾಡೋಣ ಎಂದು ಹೇಳಿ ಬಂದೆ. ಸಾಕ್ಷಿ ಹಾಕದೆ ಬಂದದ್ದು ಸರಿಯೋ ತಪ್ಪೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಈ ಬರಹ ಆ ಯೋಚನೆಯ ಮುಂದುವರಿಕೆ. ಹಿರಿಯರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತದಿರಲೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಕಾನೂನಿನ ಮಾತು. ನಾನು ವಕೀಲನಲ್ಲ. ಆದರೆ ಒಂದು ಧರ್ಮಕೇಂದ್ರದಲ್ಲಿ ಕೆಲವು ವರ್ಷ ಇದ್ದರೆ ಸಾಕು, ಮದುವೆ, ಮರಣಗಳ ದಾಖಲೆ ಪುಸ್ತಕದ ಬೆನ್ನ ಹಿಂದೆಯೇ ಪಹಣಿ, ಖಾತೆ, ವಂಶವೃಕ್ಷದ ಕಾಗದಗಳು ಗುರುಗಳ ಮೇಜಿಗೂ ಬಂದು ಬೀಳುತ್ತವೆ. ಕಲಿಯದೆ ಬೇರೆ ದಾರಿಯಿಲ್ಲ.

ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ, ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಮನಾಗಿ. ಹೆಂಡತಿ ಮೊದಲು ತೀರಿಕೊಂಡರೆ ಆಕೆಯ ಆಸ್ತಿಯಲ್ಲಿ ಗಂಡನಿಗೂ ಅಷ್ಟೇ ಹಕ್ಕು. ಮದುವೆಯಾದ ಮಗಳು, ಮದುವೆಯಾಗದ ಮಗಳು ಎಂಬ ಲೆಕ್ಕವೂ ಅಲ್ಲಿಲ್ಲ. ತಂದೆಗಿಂತ ಮೊದಲೇ ಮಗನೋ ಮಗಳೋ ತೀರಿಕೊಂಡಿದ್ದರೆ ಆ ಪಾಲು ಅವರ ಮಕ್ಕಳಿಗೆ ಇಳಿಯುತ್ತದೆ.

ನಮ್ಮ ಹಿರಿಯರ ಜಮೀನಿಗೆ ಈ ಲೆಕ್ಕ ಹಾಕಿ ನೋಡಿ. ನಾಲ್ಕೂವರೆ ಎಕರೆ ಎಂದರೆ 180 ಗುಂಟೆ. ಹೆಂಡತಿಗೆ 60 ಗುಂಟೆ, ಅಂದರೆ ಒಂದೂವರೆ ಎಕರೆ. ಉಳಿದ 120 ಗುಂಟೆ ಮೂವರು ಮಕ್ಕಳಿಗೆ ತಲಾ 40, ಅಂದರೆ ಒಂದೊಂದು ಎಕರೆ. ಎರಡನೆಯ ಸಲ ಹೋದಾಗ ಇದನ್ನು ಒಂದು ಚೀಟಿಯ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಆ ಚೀಟಿಯನ್ನೇ ನೋಡುತ್ತಾ ಕುಳಿತರು. "ನಾವೇನೂ ಬರೀದಿದ್ರೆ ಇವಳಿಗೇ ಎಲ್ಲರಿಗಿಂತ ಹೆಚ್ಚು ಬರುತ್ತಾ?" ಎಂದು ಹೆಂಡತಿಯ ಕಡೆ ಕೈ ತೋರಿಸಿದರು. ಹೌದು, ಬರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳವಾಗಿದೆ. ಅಕ್ಕಪಕ್ಕದ ಹಿಂದೂ ಬಂಧುಗಳ ಮನೆಯಲ್ಲಿ 'ಪಿತ್ರಾರ್ಜಿತ', 'ಸ್ವಯಾರ್ಜಿತ' ಎಂಬ ಮಾತುಗಳನ್ನು ಕೇಳಿ, ನಮಗೂ ಅದೇ ಕಾನೂನು ಎಂದುಕೊಂಡಿದ್ದೇವೆ. ಕ್ರೈಸ್ತರಿಗೆ ಅನ್ವಯಿಸುವ ಕಾಯ್ದೆಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಎಂಬುದಿಲ್ಲ. ಅಜ್ಜನಿಂದ ಬಂದದ್ದಾದರೂ ಸರಿ, ದುಡಿದು ಕೊಂಡದ್ದಾದರೂ ಸರಿ, ಅಪ್ಪ ಬದುಕಿರುವವರೆಗೆ ಅದು ಅಪ್ಪನದೇ. ಮಗ ಬಂದು "ನನ್ನ ಪಾಲು ಕೊಡು" ಎಂದು ಕೇಳುವಂತಿಲ್ಲ. ದುಂದುಗಾರ ಮಗ ಕೇಳಿದನಲ್ಲ, ಹಾಗೆ. ಆ ತಂದೆ ಕೊಟ್ಟದ್ದು ಕಾನೂನಿಗೆ ಹೆದರಿ ಅಲ್ಲ.

ಇನ್ನು ಹಿಂದೂ ಬಂಧುಗಳ ವಿಷಯಕ್ಕೆ ಬಂದರೂ "ಹೆಣ್ಣುಮಕ್ಕಳಿಗೆ ಪಾಲಿಲ್ಲ" ಎಂಬ ಮಾತು ಈಗ ಅಲ್ಲಿಯೂ ನಡೆಯುವುದಿಲ್ಲ. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಹೆಣ್ಣುಮಕ್ಕಳನ್ನು ಅವಿಭಕ್ತ ಕುಟುಂಬದ ಪಾಲುದಾರರನ್ನಾಗಿ ಮಾಡಿತು, ಅದಕ್ಕೆ ಮೊದಲು ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಹಾಗಾದರೆ ನಾವು ಯಾರ ಪದ್ಧತಿಯನ್ನು ಹಿಡಿದುಕೊಂಡು ಕುಳಿತಿದ್ದೇವೆ? ಅವರೂ ಬಿಟ್ಟದ್ದನ್ನು, ನಮ್ಮದಲ್ಲದ್ದನ್ನು.

ನಮ್ಮ ಕಾಯ್ದೆಯೂ ಸರ್ವಾಂಗಸುಂದರವೇನಲ್ಲ. ಮಕ್ಕಳಿಲ್ಲದ ಮಗನೊಬ್ಬ ಉಯಿಲಿಲ್ಲದೆ ಸತ್ತರೆ ಅವನ ಹೆಂಡತಿಗೆ ಅರ್ಧ. ಉಳಿದ ಅರ್ಧ ಅವನ ತಂದೆಗೆ. ತಂದೆ ಬದುಕಿದ್ದರೆ ತಾಯಿಗೆ ಏನೂ ಇಲ್ಲ. ಒಂಬತ್ತು ತಿಂಗಳು ಹೊತ್ತವಳಿಗೆ ಏನೂ ಇಲ್ಲವೆಂದು ಬರೆದವರು ಯಾವ ಕಾಲದವರೋ! ನೂರು ವರ್ಷವಾದರೂ ಈ ಸಾಲು ಹಾಗೆಯೇ ಇದೆ. ಮಕ್ಕಳಿಲ್ಲದ ದಂಪತಿಗಳು ಇದೊಂದು ಕಾರಣಕ್ಕಾದರೂ ಉಯಿಲು ಬರೆಯಬೇಕು.

ಬರೆಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಬಳ್ಳಾರಿಯಲ್ಲೇ ಒಂದು ದೊಡ್ಡ ಕಥೆಯಿದೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬ್ರಿಟಿಷರ ದಂಡು ಇಳಿದಿದ್ದ ಊರು. ಅಲ್ಲಿ ಮ್ಯಾಥ್ಯೂ ಅಬ್ರಹಾಂ ಎಂಬ ಕ್ರೈಸ್ತರು ಸಾರಾಯಿ ಭಟ್ಟಿ ಮತ್ತು ವ್ಯಾಪಾರದಿಂದ ಸಿರಿವಂತರಾದರು. ಸಮಾಜ ಕೀಳೆಂದು ತಳ್ಳಿದ್ದ ಜಾತಿಯಿಂದ ಬಂದ ಮನೆತನ. ಹೆಂಡತಿ ಷಾರ್ಲೆಟ್ ಯುರೋಪಿಯನ್ ರಕ್ತದ ಮಿಶ್ರ ಕುಟುಂಬದವರು. 1842ರಲ್ಲಿ ಮ್ಯಾಥ್ಯೂ ಉಯಿಲು ಬರೆಯದೆ ತೀರಿಕೊಂಡರು. ತಮ್ಮ ಫ್ರಾನ್ಸಿಸ್ ವ್ಯಾಪಾರ ನೋಡಿಕೊಂಡರು. ಕೆಲವು ವರ್ಷ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಅತ್ತಿಗೆ ಮೈದುನರಿಗೆ ಮನಸ್ತಾಪ ಬಂತು. "ನಾವು ಅಣ್ಣತಮ್ಮಂದಿರು ಅವಿಭಕ್ತ ಕುಟುಂಬದವರು, ಹಿಂದೂ ಪದ್ಧತಿಯಂತೆ ಆಸ್ತಿಯಲ್ಲಿ ನನಗೂ ಪಾಲಿದೆ" ಎಂದು ಫ್ರಾನ್ಸಿಸ್ ವಾದ. "ನಾವು ಬಾಳಿದ್ದು ಆ ಪದ್ಧತಿಯಲ್ಲಲ್ಲ, ಆಸ್ತಿ ನನ್ನ ಗಂಡನದು" ಎಂದು ಷಾರ್ಲೆಟ್ ವಾದ. ಕ್ರೈಸ್ತನಾದವನಿಗೆ ಯಾವ ಕಾನೂನು ಎಂದು ಹೇಳುವ ಕಾಯ್ದೆಯೇ ಆಗ ಇರಲಿಲ್ಲ. ಬಳ್ಳಾರಿಯ ಕೋರ್ಟಿನಿಂದ ಮದ್ರಾಸಿಗೆ, ಮದ್ರಾಸಿನಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಆ ವ್ಯಾಜ್ಯ ಹೋಯಿತು. 1863ರಲ್ಲಿ ತೀರ್ಪು ಬಂತು: ಕ್ರೈಸ್ತನಾದವನ ಮೇಲೆ ಹಳೆಯ ಹಿಂದೂ ಕಾನೂನಿನ ಕಟ್ಟುಪಾಡು ತಾನಾಗಿ ಮುಂದುವರಿಯುವುದಿಲ್ಲ, ಅದನ್ನು ಬಿಟ್ಟನೋ ಉಳಿಸಿಕೊಂಡನೋ ಎಂಬುದನ್ನು ಅವನ ನಡೆನುಡಿಯಿಂದ ತಿಳಿಯಬೇಕು. ಅವಿಭಕ್ತ ಕುಟುಂಬದ ವಾದ ನಿಲ್ಲಲಿಲ್ಲ. ಎರಡು ವರ್ಷದ ನಂತರ, 1865ರಲ್ಲಿ, ಮೊದಲ ಭಾರತೀಯ ಉತ್ತರಾಧಿಕಾರ ಕಾಯ್ದೆ ಬಂತು. ಅದರ ಮುಂದಿನ ರೂಪವೇ ನಮ್ಮ 1925ರದ್ದು.

ಯಜಮಾನ ಸತ್ತು 21 ವರ್ಷಗಳ ಮೇಲೆ ಬಂದ ತೀರ್ಪು ಅದು. ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಆ ಮೊಕದ್ದಮೆಯನ್ನು ಓದುತ್ತಾರೆ. ನನಗೆ ಮಾತ್ರ ಆ ಹೆಂಗಸು ಮತ್ತು ಅವಳ ಮೈದುನ ಒಂದೇ ಊರಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಕಳೆದ ವರ್ಷಗಳು ಕಣ್ಣಮುಂದೆ ಬರುತ್ತವೆ. ಅರ್ಧ ಹಾಳೆ ಕಾಗದ ಸಾಕಿತ್ತು.

ಕೇರಳದ ಮೇರಿ ರಾಯ್ ಅವರ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯಂತೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ಆಕೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1951ರಿಂದಲೇ ಅಲ್ಲಿಗೂ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆ ಎಂದು 1986ರಲ್ಲಿ ತೀರ್ಪಾಯಿತು. ಆಕೆ 2022ರಲ್ಲಿ ತೀರಿಕೊಂಡರು. ಆ ತೀರ್ಪು ಬಂದಾಗ ಕ್ರೈಸ್ತ ಸಮಾಜದೊಳಗೇ ವಿರೋಧದ ದನಿಗಳು ಎದ್ದವು ಎಂಬುದನ್ನು ನಾವು ಮರೆಯಬಾರದು. ಚೆಲೊಫಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲದೆ ಸತ್ತ ನಮ್ಮ ತಂದೆಯ ಹೆಸರು ಅಳಿದುಹೋಗಬೇಕೆ ಎಂದು ಕೇಳಿದಾಗ, ಅವರ ಮಾತು ನ್ಯಾಯವಾದದ್ದೆಂದು ಸರ್ವೇಶ್ವರನೇ ಹೇಳಿದ ಸಂಗತಿ ಸಂಖ್ಯಾಕಾಂಡದಲ್ಲಿದೆ. ಅದರ ಮೇಲೆ ಪ್ರಬೋಧನೆ ಮಾಡಿದ ಗುರುಗಳನ್ನು ನಾನು ಹೆಚ್ಚು ಕಂಡಿಲ್ಲ. ನಾನೂ ಮಾಡಿರಲಿಲ್ಲ.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಉಯಿಲಿಲ್ಲದಿದ್ದರೆ ಸಮಪಾಲು, ಸರಿ. ಆದರೆ ಉಯಿಲು ಬರೆದರೆ? ಆಗ ನಮ್ಮ ಕಾಯ್ದೆ ತಂದೆಯ ಕೈಯನ್ನು ಕಟ್ಟುವುದೇ ಇಲ್ಲ. ಎಲ್ಲವನ್ನೂ ಒಬ್ಬ ಮಗನಿಗೆ ಬರೆಯಬಹುದು, ಬೀದಿಯಲ್ಲಿ ಹೋಗುವವನಿಗೂ ಬರೆಯಬಹುದು. ಮುಸಲ್ಮಾನ ಬಂಧುಗಳ ಶರೀಯತ್ತಿನಲ್ಲಿ ಉಯಿಲಿನ ಮೂಲಕ ಕೊಡಬಹುದಾದದ್ದು ಮೂರರಲ್ಲಿ ಒಂದು ಭಾಗವಷ್ಟೇ. ನೆರೆಯ ಗೋವೆಯಲ್ಲಿ, ಪೋರ್ಚುಗೀಸರ ಕಾಲದಿಂದ ಬಂದ ಕಾನೂನಿನಂತೆ, ಮಕ್ಕಳಿಗೆಂದು ಅರ್ಧ ಆಸ್ತಿ ಮೀಸಲು. ತಂದೆತಾಯಿ ತಮ್ಮ ಇಷ್ಟದಂತೆ ಬರೆಯಬಹುದಾದದ್ದು ಉಳಿದರ್ಧ. ನಮಗೆ ಅಂಥ ಬೇಲಿಯಿಲ್ಲ. ಆದುದರಿಂದ ತಾಳ್ಯದ ಹಿರಿಯರ ಕಾಗದ ಕಾನೂನಿನ ಕಣ್ಣಿಗೆ ಸರಿಯಾಗಿಯೇ ಇತ್ತು. ನಾನು ರುಜು ಹಾಕಿದ್ದರೆ ಯಾವ ಕೋರ್ಟೂ ನನ್ನನ್ನು ಕೇಳುತ್ತಿರಲಿಲ್ಲ.

ಆದರೆ ಕಾನೂನು ತಡೆಯದ್ದೆಲ್ಲ ನ್ಯಾಯವೇ? ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಹಂಚಿಕೆಯ ನ್ಯಾಯದ ಪಾಠವಿತ್ತು. ಸಮಾನರಿಗೆ ಸಮಾನವಾಗಿಯೂ, ಅಸಮಾನರಿಗೆ ಅವರವರ ಅರ್ಹತೆಗೆ ತಕ್ಕಂತೆಯೂ ಕೊಡುವುದೇ ನ್ಯಾಯ ಎಂಬುದು ಅದರ ಸಾರ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಆದರೆ ಅರ್ಹತೆ ಎಂದರೆ ಯಾವುದು ಎಂಬ ಪ್ರಶ್ನೆ ಅಡಿಕೆ ತೋಟದ ಮಧ್ಯೆ ನಿಂತಾಗಲೇ ನಿಜವಾಗಿ ಎದುರಾಗುತ್ತದೆ. ಹಿರಿಯರ ಮಗನ ಪರವಾಗಿಯೂ ಮಾತಿದೆ, ಅದನ್ನು ಮುಚ್ಚಿಡಬಾರದು. ಅಕ್ಕಂದಿರು ದಾವಣಗೆರೆ, ಬೆಂಗಳೂರು ಸೇರಿದಾಗ ಅವನು ಊರಲ್ಲೇ ಉಳಿದ. ಬೋರ್‌ವೆಲ್ಲು ಎರಡು ಸಲ ಬತ್ತಿದಾಗ ಸಾಲ ಮಾಡಿ ಮತ್ತೆ ಕೊರೆಸಿದವನು ಅವನು. ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಗಿಡ ಉಳಿಸಿದವನು, ಅಪ್ಪನನ್ನು ಆಸ್ಪತ್ರೆಗೆ ಹೊತ್ತವನು ಅವನು. ಒಂದೊಂದು ಎಕರೆಯಂತೆ ತುಂಡು ಮಾಡಿದರೆ ಯಾರಿಗೂ ಅನ್ನ ಹುಟ್ಟುವುದಿಲ್ಲ ಎಂಬುದೂ ನಿಜ. ಗುಂಟೆ ಅಳೆದು ಸಮನಾಗಿ ಹಂಚಿದ ಮಾತ್ರಕ್ಕೆ ನ್ಯಾಯವಾಯಿತೆಂದು ನಾನು ಹೇಳಲಾರೆ.

ಆದರೆ "ಮದುವೆ ಮಾಡಿ ಕೊಟ್ಟಾಯ್ತು" ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ವರದಕ್ಷಿಣೆ 1961ರಿಂದಲೇ ಅಪರಾಧ. ಅಪರಾಧವಾಗಿ ಕೊಟ್ಟ ಹಣವನ್ನು ಪಾಲಿನ ಲೆಕ್ಕಕ್ಕೆ ಬರೆಯಲು ಬರುತ್ತದೆಯೇ? ಅದು ಹೋದದ್ದಾದರೂ ಮಗಳ ಕೈಗೋ? ಬೀಗರ ಕೈಗೆ, ಛತ್ರದವನ ಕೈಗೆ, ಅಡುಗೆಯವನ ಕೈಗೆ. ಮಗನ ಮದುವೆಗೂ ಖರ್ಚಾಗಿತ್ತಲ್ಲ, ಅದನ್ನು ಅವನ ಪಾಲಿನಲ್ಲಿ ಕಳೆದಿರೇನು ಎಂದು ಹಿರಿಯರನ್ನು ಕೇಳಿದೆ. ಅವರು ನಕ್ಕರು. ಆದರೆ ಉತ್ತರ ಹೇಳಲಿಲ್ಲ.

ಸಂತ ತೋಮಸ್ ಅಕ್ವಿನಾಸರು ಆಸ್ತಿಯ ವಿಷಯದಲ್ಲಿ ಎರಡು ಮಾತುಗಳನ್ನು ಬೇರೆ ಮಾಡುತ್ತಾರೆ. ಸಂಪಾದಿಸಿ ನೋಡಿಕೊಳ್ಳುವ ಅಧಿಕಾರ ಒಬ್ಬನದಾಗಿರಬಹುದು. ಬಳಕೆಯ ವಿಷಯದಲ್ಲಿ ಅದು ತನ್ನೊಬ್ಬನದೇ ಎಂದು ಅವನು ತಿಳಿಯಬಾರದು, ಅಗತ್ಯವಿದ್ದವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು. ಆ ಮಾತನ್ನು ನಾನು ಉಯಿಲಿಗೆ ಹೀಗೆ ಅನ್ವಯಿಸುತ್ತೇನೆ: ಬರೆಯುವ ಅಧಿಕಾರ ಅಪ್ಪನದು, ಆದರೆ ಆ ಅಧಿಕಾರವನ್ನು ಅವರು ಮಕ್ಕಳೆಲ್ಲರ ಪರವಾಗಿ ಹಿಡಿದಿದ್ದಾರೆ. ಹೆಚ್ಚುಕಡಿಮೆ ಕೊಡಬಹುದು. ಆದರೆ ಕಡಿಮೆ ಪಡೆಯುವವಳ ಎದುರಿಗೆ ಕುಳಿತು, ಅವಳ ಮುಖ ನೋಡಿ ಆ ಕಾರಣವನ್ನು ಹೇಳಲು ಸಾಧ್ಯವಾಗಬೇಕು. ಅವಳಿಗೆ ಒಪ್ಪಿಗೆಯಾಗದಿರಬಹುದು, ಅಳಬಹುದು. ಹೇಳುವ ಬಾಯಿಯಾದರೂ ನಾಚಬಾರದು. ಸತ್ತ ಮೇಲೆ ಲಕೋಟೆ ಒಡೆದಾಗ ಮಗಳಿಗೆ ತಿಳಿಯಲಿ ಎಂದು ಬರೆದ ಉಯಿಲು, ನನ್ನ ಅಭಿಪ್ರಾಯದಲ್ಲಿ, ಕಾರಣವಿಲ್ಲದ ಉಯಿಲು.

ದಾರಿಗಳೂ ಇವೆ. ಜಮೀನು ಮಗನಿಗಿರಲಿ, ಅಕ್ಕಂದಿರಿಗೆ ಇಷ್ಟು ವರ್ಷದೊಳಗೆ ಇಷ್ಟು ಹಣ ಕೊಡತಕ್ಕದ್ದು, ಆ ಹಣದ ಹೊಣೆ ಜಮೀನಿನ ಮೇಲೆಯೇ ಇರತಕ್ಕದ್ದು ಎಂದು ಬರೆಯಬಹುದು. ಹೆಂಡತಿಗೆ ಜೀವಮಾನದವರೆಗೆ ಮನೆ ಮತ್ತು ಇಷ್ಟು ಫಸಲಿನ ಹಕ್ಕು ಎಂದು ಬರೆಯಬಹುದು. ಬರೀ "ನೋಡಿಕೊಳ್ಳತಕ್ಕದ್ದು" ಎಂದರೆ, ಸೊಸೆ ತಟ್ಟೆಯನ್ನು ಯಾವ ಮುಖದಿಂದ ಇಡುತ್ತಾಳೋ ಅದಕ್ಕೆ ತಾಯಿಯನ್ನು ಬಿಟ್ಟಂತೆ.

ಇನ್ನೊಂದು ಪದ್ಧತಿಯ ಬಗ್ಗೆ ಹೇಳಲೇಬೇಕು. ಅಪ್ಪನ ನಲವತ್ತನೆಯ ದಿನದ ಪೂಜೆ ಮುಗಿಯುವುದೇ ತಡ, ಹೆಣ್ಣುಮಕ್ಕಳನ್ನು ಹೊಳಲ್ಕೆರೆಯ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಮಾಡಿಸುತ್ತಾರೆ. ಮನಃಪೂರ್ವಕವಾಗಿ ಬಿಟ್ಟುಕೊಡುವ ಅಕ್ಕತಂಗಿಯರಿದ್ದಾರೆ. ಅವರ ಔದಾರ್ಯ ದೊಡ್ಡದು. ಆದರೆ ಎಷ್ಟೋ ಜನ ಸಹಿ ಹಾಕುವುದು ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ. ಒಬ್ಬ ತಾಯಿ ನನಗೆ ಹೇಳಿದರು: "ಸಹಿ ಹಾಕಿದ್ರೆ ಹಬ್ಬಕ್ಕೆ ಸೀರೆ, ಹಾಕ್ದಿದ್ರೆ ಅದೂ ಇಲ್ಲ ಸ್ವಾಮಿ." ಒಂದು ಎಕರೆಗೆ ವರ್ಷಕ್ಕೊಂದು ಸೀರೆ! ಅಪ್ಪ ಬದುಕಿರುವಾಗಲೇ "ಮುಂದೆ ನನಗೆ ಪಾಲು ಬೇಡ" ಎಂದು ಬರೆಸಿಕೊಂಡ ಕಾಗದಕ್ಕೆ ಸಾಮಾನ್ಯವಾಗಿ ಬೆಲೆಯಿಲ್ಲ. ಇನ್ನೂ ಬಾರದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ.

ಉಯಿಲು ಬರೆಯುವ ವಿಧಾನ ಬಹಳ ಸುಲಭ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ. ಬುದ್ಧಿ ಸ್ವಾಧೀನದಲ್ಲಿರಬೇಕು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಸ್ಪಷ್ಟವಾಗಿ ಬರೆಯಿರಿ. ಕೊನೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟು. ಅದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ನಿಮ್ಮೆದುರಿಗೇ ಸಹಿ ಹಾಕಬೇಕು. ಉಯಿಲಿನಿಂದ ಲಾಭ ಪಡೆಯುವವರಾಗಲಿ, ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಬಾರದು. ಹಾಕಿದರೆ ಉಯಿಲು ಉಳಿಯುತ್ತದೆ, ಅವರಿಗೆ ಕೊಟ್ಟದ್ದು ಬಿದ್ದುಹೋಗುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಒಳ್ಳೆಯದು. ಮುಚ್ಚಿದ ಲಕೋಟೆಯಲ್ಲಿ ಚಿತ್ರದುರ್ಗದ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಲೂ ಅವಕಾಶವಿದೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹಲವರಿಗೆ ತಿಳಿಯದ ಒಂದು ಮಾತು: ಕ್ರೈಸ್ತನೊಬ್ಬ ಉಯಿಲು ಬರೆದ ಮೇಲೆ ಮದುವೆಯಾದರೆ ಆ ಉಯಿಲು ತಾನಾಗಿಯೇ ರದ್ದು. ಮರುಮದುವೆಯಾದವರು ಇದನ್ನು ನೆನಪಿಡಬೇಕು. ಮೊದಲು ಕ್ರೈಸ್ತರ ಉಯಿಲಿಗೆ ಕೋರ್ಟಿನಿಂದ ಪ್ರೊಬೇಟ್ ಪಡೆಯಬೇಕಾದ ತೊಡಕಿತ್ತು. 2002ರ ತಿದ್ದುಪಡಿ ಅದರಿಂದ ನಮ್ಮನ್ನು ಬಿಡಿಸಿತು.

ಖಾತೆ ಬದಲಾದ ಕೂಡಲೇ ಒಡೆತನ ಸಿಕ್ಕಿತೆಂದು ಸಂಭ್ರಮಿಸಬೇಡಿ. ನಾಡಕಚೇರಿಯಲ್ಲಿ ಒಬ್ಬನ ಹೆಸರಿಗೆ ಪೌತಿ ಖಾತೆಯಾದರೂ ಉಳಿದವರ ಪಾಲು ಸಾಯುವುದಿಲ್ಲ. ಬ್ಯಾಂಕಿನ ಠೇವಣಿಯ ನಾಮಿನಿಯ ವಿಷಯವೂ ಹಾಗೆಯೇ. ಹಣ ಅವನ ಕೈಗೆ ಬರುತ್ತದೆ, ವಾರಸುದಾರರಿಗೆ ಅವನು ಲೆಕ್ಕ ಕೊಡಬೇಕು.

ಟ್ರಸ್ಟ್ ಎಂದರೆ ಸಿರಿವಂತರ ವ್ಯವಹಾರ ಎಂದು ನಮ್ಮವರ ಭಾವನೆ. ಬುದ್ಧಿಮಾಂದ್ಯ ಮಗನಿರುವ ದಂಪತಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ನಾವು ಹೋದ ಮೇಲೆ ಇವನಿಗೆ ಯಾರು? ಅವನ ಹೆಸರಿಗೇ ಆಸ್ತಿ ಬರೆದರೆ ಅವನಿಂದ ಕಾಯ್ದುಕೊಳ್ಳಲಾಗದು. ಅಣ್ಣನ ಹೆಸರಿಗೆ ಬರೆದರೆ ಅದು ಅಣ್ಣನದಾಗಿಬಿಡುತ್ತದೆ. ಇಂಥಲ್ಲಿ 1882ರ ಟ್ರಸ್ಟ್ ಕಾಯ್ದೆಯಂತೆ, ನಂಬಿಕಸ್ಥರಾದ ಇಬ್ಬರು ಮೂವರನ್ನು ಧರ್ಮದರ್ಶಿಗಳಾಗಿ ಮಾಡಿ, ಆದಾಯವನ್ನು ಅವನ ಊಟ, ಔಷಧಕ್ಕೇ ಬಳಸತಕ್ಕದ್ದೆಂದು ಬರೆಯಬಹುದು. ಉಯಿಲಿನೊಳಗೇ ಇದನ್ನು ಮಾಡಬಹುದು. ಅಂಥ ಮಕ್ಕಳಿಗೆ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರುತ್ತದೆ.

ಬದುಕಿರುವಾಗಲೇ ದಾನಪತ್ರ ಮಾಡಿ ಮಕ್ಕಳಿಗೆ ಕೊಟ್ಟುಬಿಡುವ ಹಿರಿಯರಿಗೆ ಒಂದು ಎಚ್ಚರಿಕೆ. ಸಿರಾಖನ ಗ್ರಂಥದ 33ನೆಯ ಅಧ್ಯಾಯವನ್ನು ಓದಿಕೊಳ್ಳಿ. ಉಸಿರಿರುವವರೆಗೆ ಮಕ್ಕಳ ಕೈ ನೋಡುವ ಸ್ಥಿತಿಗೆ ಬರಬೇಡ ಎಂಬ ಅರ್ಥದ ಬುದ್ಧಿವಾದ ಅಲ್ಲಿದೆ. ಕೊಟ್ಟೇ ಕೊಡುವುದಾದರೆ, ನನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಂತೆ, ಷರತ್ತು ಮುರಿದ ಮಕ್ಕಳಿಂದ ಆಸ್ತಿಯನ್ನು ಹಿಂಪಡೆಯಲು ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಬಹುದು.

ದೇವಾಲಯಕ್ಕೆ ಬರೆದ ಐವತ್ತು ಸಾವಿರದ ಮಾತು ಬಾಕಿ ಇದೆ. ಹತ್ತಿರದ ಬಂಧುಗಳಿರುವ ಕ್ರೈಸ್ತನು ಧರ್ಮಕಾರ್ಯಕ್ಕೆ ಉಯಿಲು ಬರೆಯಬೇಕಾದರೆ ಸಾಯುವುದಕ್ಕೆ ಕನಿಷ್ಠ ಹನ್ನೆರಡು ತಿಂಗಳ ಮೊದಲೇ ಬರೆದು, ಆರು ತಿಂಗಳೊಳಗೆ ಸರ್ಕಾರದ ಕಚೇರಿಯಲ್ಲಿ ಇಟ್ಟಿರಬೇಕೆಂದು ನಮ್ಮ ಕಾಯ್ದೆಯ 118ನೆಯ ಕಲಮು ಹೇಳುತ್ತಿತ್ತು. ಸಾವಿನ ಮಂಚದ ಬಳಿ ಪಾದ್ರಿ ಕುಳಿತು ಆಸ್ತಿ ಬರೆಸಿಕೊಂಡಾನು ಎಂಬ ಹಳೆಯ ಇಂಗ್ಲೆಂಡಿನ ಭಯದಿಂದ ಬಂದ ನಿಯಮ. ಕೇರಳದ ಫಾದರ್ ಜಾನ್ ವಲ್ಲಮಟ್ಟಂ ಅವರು ಇದನ್ನು ಪ್ರಶ್ನಿಸಿದರು. ಕ್ರೈಸ್ತರಿಗೆ ಮಾತ್ರ ಇಂಥ ಕಟ್ಟು ಸಮಾನತೆಗೆ ವಿರುದ್ಧವೆಂದು 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು. ತೀರ್ಪು ಸರಿಯಾದದ್ದೇ. ಆದರೆ ಆ ಹಳೆಯ ಭಯ ಪೂರಾ ಸುಳ್ಳೆಂದು ಎದೆ ಮುಟ್ಟಿಕೊಂಡು ಹೇಳಲಾರೆ. ಆದ್ದರಿಂದ ದೇವಾಲಯಕ್ಕೆ ಕಾಣಿಕೆಯಿರುವ ಉಯಿಲಿಗೆ ನಾನು ಸಾಕ್ಷಿ ಹಾಕುವುದಿಲ್ಲ. ಕಾಯ್ದೆ ತಡೆಯದಿದ್ದರೂ ಹಾಕುವುದಿಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲು ಎಂದು ಹೇಳಿ ತಪ್ಪಿಸಿಕೊಂಡವರನ್ನು ಯೇಸುಸ್ವಾಮಿ ಹೇಗೆ ಗದರಿಸಿದರೆಂದು ನಮಗೆ ಗೊತ್ತಿದೆ. ಮಗಳಿಗೆ ಸಲ್ಲಬೇಕಾದದ್ದಕ್ಕೂ ಆ ಮಾತು ತಗಲುತ್ತದೆ. "ಮೊದಲು ಮಕ್ಕಳದು ಸರಿಮಾಡಿ. ದೇವಾಲಯದ ಸೂರು ಈ ವರ್ಷ ಸೋರಿದರೂ ಚಿಂತೆಯಿಲ್ಲ" ಎಂದು ಹಿರಿಯರಿಗೆ ಹೇಳಿದೆ.

ಇಷ್ಟೆಲ್ಲ ಬರೆಯುವ ನನಗೆ ಈ ವಿಷಯದಲ್ಲಿ ಒಂದು ಋಣವಿದೆ. ಗುರುದೀಕ್ಷೆಯಾದ ಹೊಸತರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ, ವಿಧವೆಯೊಬ್ಬರಿಗೆ ಅಭ್ಯಂಗ ಸಂಸ್ಕಾರ ಕೊಡಲು ಸಂಜೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದರು. ಮಕ್ಕಳಿರಲಿಲ್ಲ, ಹಸುಗೂಸಾಗಿದ್ದಾಗ ತಂದು ಸಾಕಿದ ಹುಡುಗಿಯಿದ್ದಳು, ಆಗ ಅವಳಿಗೆ ಹದಿನೇಳು ವರ್ಷ. ಕಾಗದಪತ್ರದ ದತ್ತು ಆಗಿರಲಿಲ್ಲ. ಆ ತಾಯಿ ನನ್ನ ಕೈ ಹಿಡಿದು, "ಮನೆ ಈ ಮಗೂಗೆ ಸ್ವಾಮಿ, ತಾವೇ ಸಾಕ್ಷಿ" ಎಂದರು. "ಆಯಿತಮ್ಮ, ಈಗ ದಣಿಯಬೇಡಿ, ನಾಳೆ ಬಂದು ಬರೆಸೋಣ" ಎಂದೆ. ಮನೆಯಲ್ಲಿ ಹುಡುಗಿಯ ನೋಟ್‌ಬುಕ್ಕಿತ್ತು, ಪೆನ್ನಿತ್ತು, ಪಕ್ಕದ ಮನೆಯವರು ಬಾಗಿಲಲ್ಲೇ ನಿಂತಿದ್ದರು. ನಾನು ಬೈಕು ಹತ್ತಿ ಬಂದುಬಿಟ್ಟೆ. ರಾತ್ರಿ ಎರಡು ಗಂಟೆಗೆ ಅವರು ತೀರಿಕೊಂಡರು.

ಬಾಯಿಮಾತಿನ ಉಯಿಲು ಯುದ್ಧದಲ್ಲಿರುವ ಸೈನಿಕನಿಗೆ, ಸಮುದ್ರದಲ್ಲಿರುವ ನಾವಿಕನಿಗೆ ಸಲ್ಲುತ್ತದೆ, ಆಸ್ಪತ್ರೆಯ ಆಯಾಗೆ ಸಲ್ಲುವುದಿಲ್ಲ. ತೀರಿಹೋಗಿದ್ದ ಅಣ್ಣನ ಮಕ್ಕಳು ವಾರಸುದಾರರಾಗಿ ಬಂದರು. ಸತ್ತವರ ಇಷ್ಟವನ್ನು, ಕಾಗದದ ಕ್ರಮ ತಪ್ಪಿದ್ದರೂ, ನೆರವೇರಿಸುವಂತೆ ವಾರಸುದಾರರಿಗೆ ಬುದ್ಧಿ ಹೇಳಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಅದು ಧರ್ಮಕಾರ್ಯಕ್ಕೆ ಬರೆದ ಕೊಡುಗೆಗಳ ಬಗ್ಗೆ. ದೇವಾಲಯದ ಪಾಲಿಗೆ ಅಷ್ಟು ಕಾಳಜಿಯಿದ್ದರೆ ಆ ಹುಡುಗಿಯ ಪಾಲಿಗೂ ಇರಬೇಕಲ್ಲವೇ ಎಂದು ಆ ಅಣ್ಣನ ಮಕ್ಕಳ ಬಳಿ ಮೂರು ಸಲ ಹೋದೆ. ಅವರು ನನ್ನನ್ನು ಮರ್ಯಾದೆಯಿಂದಲೇ ಕೂರಿಸಿದರು, ಟೀ ಕೊಟ್ಟರು. ಮನೆ ಮಾರಾಟವಾಯಿತು. ಹುಡುಗಿ ಹಾಸ್ಟೆಲ್ ಸೇರಿದಳು. ಈಗ ಅವಳಿಗೆ ಮದುವೆಯಾಗಿದೆ, ಕ್ರಿಸ್ಮಸ್ಸಿಗೆ ಫೋನ್ ಮಾಡುತ್ತಾಳೆ. ಒಂದು ದಿನವೂ ಆ ಮಾತೆತ್ತಿಲ್ಲ.

ಅಣ್ಣನಿಗೆ ಹೇಳಿ ಆಸ್ತಿಯಲ್ಲಿ ಪಾಲು ಕೊಡಿಸು ಎಂದು ಒಬ್ಬ ಯೇಸುಸ್ವಾಮಿಯನ್ನು ಕೇಳಿದ್ದು ಲೂಕನ ಶುಭಸಂದೇಶದಲ್ಲಿದೆ. ಸ್ವಾಮಿ ಪಾಲು ಮಾಡಲು ಒಪ್ಪಲಿಲ್ಲ. ಲೋಭದ ಬಗ್ಗೆ ಎಚ್ಚರಿಸಿ, ಕಣಜ ದೊಡ್ಡದು ಮಾಡಹೊರಟ ಸಿರಿವಂತನ ಸಾಮತಿ ಹೇಳಿದರು. ಗುರುಗಳು ಆಸ್ತಿಯ ತಂಟೆಗೆ ಹೋಗಬಾರದು ಎನ್ನಲು ನಾವು ಈ ವಾಕ್ಯವನ್ನು ಬಳಸಿಕೊಳ್ಳುತ್ತೇವೆ. ನಾನೂ ಆ ಸಂಜೆ ಒಳಗೊಳಗೆ ಅದನ್ನೇ ನೆನೆದಿದ್ದೆನೋ ಏನೋ. ಆದರೆ ಆ ಸಾಮತಿಯ ಸಿರಿವಂತನೂ ನಾಳೆಯ ಲೆಕ್ಕ ಹಾಕುತ್ತಲೇ ರಾತ್ರಿ ಸತ್ತ.

ತಾಳ್ಯದ ಹಿರಿಯರು ಮಾತೆ ಮರಿಯಮ್ಮನವರ ಜಯಂತಿಗೆ ಹೆಣ್ಣುಮಕ್ಕಳಿಬ್ಬರನ್ನೂ ಕರೆಸಿದ್ದರು. ಊಟವಾದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹೊಸ ಕಾಗದ ಓದಿದರಂತೆ. ತೋಟ, ಕೊಳವೆಬಾವಿ ಮಗನಿಗೆ. ಮನೆ ಹೆಂಡತಿಗೆ ಜೀವಮಾನವಿಡೀ. ಹೆಣ್ಣುಮಕ್ಕಳಿಗೆ ಖುಷ್ಕಿಯಲ್ಲಿ ಮುಕ್ಕಾಲು ಮುಕ್ಕಾಲು ಎಕರೆ, ಅದನ್ನು ಮಗನೇ ಉತ್ತು ಗುತ್ತಿಗೆ ಕೊಡಬಹುದು. ಚಿಕ್ಕವಳು ಸುಮ್ಮನಿದ್ದಳು. ದೊಡ್ಡವಳು, "ನಂಗೆ ಜಮೀನು ಬೇಡ ಅಪ್ಪ, ಆದ್ರೆ ನೀನು ಕೊಟ್ಟೆ ಅಂತ ಬರೆದಿರಲಿ" ಎಂದು ಅತ್ತಳಂತೆ. ಮಗ ಎದ್ದು ತೋಟಕ್ಕೆ ಹೋದವನು ಕತ್ತಲಾದ ಮೇಲೆ ಬಂದ. ಆಮೇಲೆ ಎರಡು ಭಾನುವಾರ ಅವನು ಪೂಜೆಗೆ ಬಂದಿಲ್ಲ. ಕಾಗದಕ್ಕೆ ಇನ್ನೂ ಸಹಿಯಾಗಿಲ್ಲ, ಟ್ರಂಕಿನಲ್ಲೇ ಇದೆ. ಹಿರಿಯರಿಗೆ ಎಪ್ಪತ್ತೆಂಟು ವರ್ಷ. ಈ ಗುರುವಾರ ಮತ್ತೆ ಆ ಕಡೆ ಹೋಗುತ್ತಿದ್ದೇನೆ, ಮೊದಲು ತೋಟಕ್ಕೆ, ಆಮೇಲೆ ಮನೆಗೆ.